ಡಾಂಬರು ಬಳಿದ ಹಲಗೆ

ಕುದಿಯುವ ಡಾಂಬರಿನ ವಾಸನೆ ಮೂಗಿಗೆ ಬಡಿದರೆ ಸಾಕು, ಹೊನ್ನೂರಸ್ವಾಮಿ ಏಳು ವರ್ಷದ ಹುಡುಗನಾಗಿಬಿಡುತ್ತಿದ್ದ. ತನ್ನೂರು ಹಲವಾಗಲಿನ ಹೊಳೆದಂಡೆ, ಮೂರು ಕಲ್ಲಿನ ಒಲೆ, ಅದರ ಮೇಲೆ ಎಣ್ಣೆಯ ತಗಡಿನ ಡಬ್ಬಿ, ಪಕ್ಕದಲ್ಲಿ ಆಮೆಯ ಹಾಗೆ ಬೋರಲು ಬಿದ್ದ ಹರಿಗೋಲು. ಅಪ್ಪ ಬಟ್ಟೆ ಸುತ್ತಿದ ಕೋಲನ್ನು ಡಬ್ಬಿಯಲ್ಲಿ ಅದ್ದಿ, ಬಿದಿರಿನ ಮೇಲೆ ಬಿಗಿದು ಹೊಲಿದ ಚೀಲಕ್ಕೆ ಕರ್ರಗೆ ಬಳಿಯುತ್ತಿದ್ದ. "ನೀರು ಹೊರಗ ಇರಬೇಕು, ಮಂದಿ ಒಳಗ ಇರಬೇಕು. ನಡುವ ಕಾಯೋದು ಇದೊಂದ" ಎಂದು ಮಗನಿಗೆ ಹೇಳುತ್ತಿದ್ದ. ಹೊಳೆಗೆ ಸೇತುವೆ ಬಂದು ಹರಿಗೋಲು ಮೂಲೆ ಸೇರಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಎಲ್ಲಿ ರಸ್ತೆ ರಿಪೇರಿ ನಡೆದಿದ್ದರೂ ಐವತ್ತೆಂಟರ ಈ ಬಡಗಿ ಸೈಕಲ್ ಇಳಿದು, ಉಸಿರು ತುಂಬಿಕೊಂಡು, ಆಮೇಲೆ ಮುಂದೆ ಹೋಗುತ್ತಿದ್ದ.

ಇವತ್ತು ಆ ವಾಸನೆ ಅವನ ಹಿತ್ತಲಿನಿಂದಲೇ ಏಳುತ್ತಿತ್ತು.

"ಏನ್ರಿ, ಹಿತ್ತಲದಾಗ ರೋಡ್ ಹಾಕಾಕ ಹತ್ತೀರೇನು?" ಮಾಳಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದಳು.

"ಹಲಗಿಗೆ ಬಳಿಯಾಕ ಹತ್ತೀನಿ. ನೀರಿಗಿ ಹೋಗೋ ಕಟಗಿಗೆ ಡಾಂಬರ್ ಬ್ಯಾಡನು?"

"ಕಟಗಿ ಹೋಗ್ಲಿ, ನಂದೇನು ತಕರಾರಿಲ್ಲ. ಅದರ ಬೆನ್ನು ಹತ್ತಿ ಮಗಳು ಯಾಕ ಹೋಗ್ಬೇಕು ಅಂತೀನಿ."

ಹೊನ್ನೂರಸ್ವಾಮಿ ಕೋಲನ್ನು ಮತ್ತೆ ಡಬ್ಬಿಯಲ್ಲಿ ಅದ್ದಿದ. ಮೂವತ್ತು ವರ್ಷಗಳ ಹಿಂದೆ ಮಾಳಮ್ಮ ಮದುವಣಗಿತ್ತಿಯಾಗಿ ಆಚೆ ದಂಡೆಯಿಂದ ಈ ಊರಿಗೆ ಬಂದದ್ದು ಅವನ ಅಪ್ಪನ ಹರಿಗೋಲಿನಲ್ಲೇ. ನಡುಹೊಳೆಯಲ್ಲಿ ಅದು ಸುಳಿಗೆ ಸಿಕ್ಕಿ ಬುಗುರಿಯ ಹಾಗೆ ತಿರುಗಿತ್ತು. ದಂಡೆಗೆ ಬಂದು ಇಳಿದವಳು ಅವತ್ತೇ ಹೊಳೆಗೆ ಕೈಮುಗಿದು, "ನಿನ್ನ ಪಾಡಿಗೆ ನೀನು, ನನ್ನ ಪಾಡಿಗೆ ನಾನು" ಎಂದಿದ್ದಳಂತೆ. ಅಂದಿನಿಂದ ಬಟ್ಟೆ ಒಗೆಯಲೂ ಅವಳು ಆ ಕಡೆ ಹಾದವಳಲ್ಲ.

ಮಗಳು ಪ್ರಿಯಾ ಹಡಗಲಿಯ ಒಂದು ಪ್ರೌಢಶಾಲೆಯಲ್ಲಿ ಆಟ ಕಲಿಸುವ ಅತಿಥಿ ಶಿಕ್ಷಕಿ. ಆ ಕೆಲಸ ಮಾರ್ಚಿಗೆ ಮುಗಿಯುವುದಿತ್ತು. ಉಡುಪಿಯ ಕಡೆ ಕಡಲತೀರದಲ್ಲಿ ನೀರಿನ ಆಟ ಕಲಿಸುವ ಸಂಸ್ಥೆಯೊಂದು ತರಬೇತುದಾರರನ್ನು ಆರಿಸಲು ಹತ್ತು ದಿನದ ಶಿಬಿರ ಇಟ್ಟುಕೊಂಡಿತ್ತು. ಆಯ್ಕೆಯಾದವರಿಗೆ ವರ್ಷವಿಡೀ ಕೆಲಸ, ತಿಂಗಳ ಸಂಬಳ. ಪ್ರಿಯಾಳ ಅರ್ಜಿ ಒಪ್ಪಿಗೆಯಾಗಿತ್ತು. ಷರತ್ತು ಎರಡು. ಸ್ವಂತ ಸ್ಕಿಮ್‌ಬೋರ್ಡ್ ತರಬೇಕು. ಮೊದಲ ದಿನವೇ ಅದರ ಮೇಲೆ ನಿಂತು ಹದಿನೈದು ಮೀಟರ್ ಜಾರಿ ತೋರಿಸಬೇಕು. ಬೀಳುವವರು ಅವತ್ತೇ ವಾಪಸು ಬಸ್ಸು ಹತ್ತಬೇಕು.

ಸ್ಕಿಮ್‌ಬೋರ್ಡ್ ಎಂದರೇನೆಂದು ಅವಳು ಅಪ್ಪನಿಗೆ ಫೋನಿನಲ್ಲಿ ತೋರಿಸಿದ್ದಳು. ದಂಡೆಯ ಮೇಲೆ ನೀರು ಒಂದು ಬೆರಳಿನಷ್ಟು ತೆಳ್ಳಗೆ ಹರಡಿರುವಲ್ಲಿ ಒಬ್ಬ ಹುಡುಗಿ ಹಲಗೆ ಹಿಡಿದು ಓಡುತ್ತಾಳೆ, ಅದನ್ನು ನೀರಿನ ಮೇಲೆ ಚೆಲ್ಲುತ್ತಾಳೆ, ಅದರ ಹಿಂದೆಯೇ ಹಾರಿ ನಿಲ್ಲುತ್ತಾಳೆ. ಹಲಗೆ ಅವಳನ್ನು ಹೊತ್ತು ಕನ್ನಡಿಯ ಮೇಲೆ ಹೋದ ಹಾಗೆ ಹೋಗುತ್ತದೆ. ಹೊನ್ನೂರಸ್ವಾಮಿ ಅದನ್ನು ನಾಲ್ಕು ಸಲ ನೋಡಿದ.

"ನಮ್ಮ ಹೊಳಿಯಾಗೂ ಈಗ ಉಸುಕಿನ ಮ್ಯಾಲ ಹಿಂಗ ಹರಡಿರ್ತೈತಲ್ಲವ್ವ ನೀರು" ಎಂದ.

"ಅದಕ್ಕಪ್ಪ ನಂಗೂ ಆಸಿ ಹುಟ್ಟಿದ್ದು" ಎಂದು ಪ್ರಿಯಾ ನಕ್ಕಿದ್ದಳು.

ಕಡಲತೀರದಲ್ಲಿ ಹಲಗೆ ಮಾರುವ ಅಂಗಡಿಯ ಅರುಣಕುಮಾರ್ ಎಂಬುವವರಿಗೆ ಅವಳು ಸ್ಪೀಕರ್ ಹಾಕಿ ಫೋನು ಮಾಡಿದಾಗಲೂ ಹೊನ್ನೂರಸ್ವಾಮಿ ಪಕ್ಕದಲ್ಲೇ ಕೂತಿದ್ದ. ಆ ಮನುಷ್ಯ ಮಾರುವ ಅವಸರವಿಲ್ಲದ ದನಿಯಲ್ಲಿ ಮೂರು ಪ್ರಶ್ನೆ ಕೇಳಿದರು. ತೂಕ ಎಷ್ಟುಂಟು? ಎಷ್ಟು ದಿನದಿಂದ ಆಡ್ತಿದ್ದೀರಿ? ಖರ್ಚಿಗೆ ಎಷ್ಟು ಇಟ್ಟುಕೊಂಡಿದ್ದೀರಿ?

"ಐವತ್ತೆರಡು ಕೇಜಿ ಸರ್. ಎರಡು ವರ್ಷದಿಂದ ಆಡ್ತಿದೀನಿ. ಒಂಬತ್ತು ಸಾವಿರ ಐತಿ."

"ಹೊಸಬರಾದರೆ ನಾನು ಮರದ್ದೇ ಕೊಡುವುದು ಮೇಡಂ. ಅಗಲ ಇರ್ತದೆ, ಸ್ವಲ್ಪ ಭಾರ, ಕಾಲು ತಪ್ಪಿಟ್ಟರೂ ತಡ್ಕೊಳ್ತದೆ. ಫೈಬರಿನದ್ದು ಹಗುರ, ಚುರುಕು, ಆದರೆ ತಪ್ಪು ಮಾಡಿದರೆ ಕ್ಷಮಿಸುವುದಿಲ್ಲ ಅದು. ನೀವು ಎರಡು ವರ್ಷ ಆಡಿದವರು ಅಂತೀರಿ. ಹೊಸದು ಹದಿನಾರು ಸಾವಿರ ಆಗ್ತದೆ. ಒಬ್ಬರು ಬಳಸಿ ಬಿಟ್ಟದ್ದು ಒಂದುಂಟು, ಒಂಬತ್ತಕ್ಕೆ ಕೊಡಬಹುದು. ಸಣ್ಣದು, ಆದರೆ ಐವತ್ತೆರಡು ಕೇಜಿಗೆ ಸಾಕು."

ಫೋನು ಇಟ್ಟ ಮೇಲೆ ಹೊನ್ನೂರಸ್ವಾಮಿ ಮೆಲ್ಲಗೆ ಕೇಳಿದ. "ಕಾಲೇಜಿನಿಂದ ಸಮುದ್ರಕ್ಕ ಕರಕೊಂಡು ಹೋದಾಗ ಮೂರು ದಿನ ಆಡಿದ್ದೆ ಅಂದಿದ್ದಿ ಅಲ್ಲೇನವ್ವ?"

ಪ್ರಿಯಾಳ ಕಿವಿ ಕೆಂಪಾಯಿತು. "ಹೊಸಬಳು ಅಂದ್ರ ಸಣ್ಣ ಹುಡುಗರ ಹಲಗಿ ಕಟ್ತಾರಪ್ಪ. ನಾನು ಖೋ-ಖೋದಾಗ ರಾಜ್ಯಮಟ್ಟಕ್ಕ ಹೋದಾಕಿ. ಓಡಾಕ ಬರ್ತೈತಿ, ಹಾರಾಕ ಬರ್ತೈತಿ. ಇನ್ನೇನು ಬೇಕು?"

ಅದೂ ಸುಳ್ಳಲ್ಲ. ಅವಳು ಓಡುವುದನ್ನು ನೋಡಲೆಂದೇ ಅವನು ಒಮ್ಮೆ ಕೊಟ್ಟೂರಿನ ಮೈದಾನಕ್ಕೆ ಅರ್ಧ ದಿನದ ರಜೆ ಹಾಕಿ ಹೋಗಿದ್ದ. ಆದರೆ ಹರಪನಹಳ್ಳಿಯ ತರಬೇತಿ ಸಂಸ್ಥೆಯಲ್ಲಿ ಇಪ್ಪತ್ತಾರು ವರ್ಷದಿಂದ ಬಡಗಿ ಕೆಲಸ ಕಲಿಸಿದವನು ಅವನು. ಹೊಸದಾಗಿ ಬಂದವರ ಕೈಗೆ ಅವನು ಎಂದೂ ಹೊಸ ಉಳಿ ಕೊಟ್ಟವನಲ್ಲ. ಭಾರದ, ಮೊಂಡು ಅಲಗಿನ ಹಳೆಯ ಉಳಿಯನ್ನೇ ಕೊಡುತ್ತಿದ್ದ. ಅದು ಕೈಗೆ ತೂಕ ಕಲಿಸುತ್ತದೆ, ತಪ್ಪಿದರೆ ಬೆರಳು ಉಳಿಸುತ್ತದೆ.

ಇದನ್ನೆಲ್ಲ ಅವನು ಹೇಳಲಿಲ್ಲ. "ಇನ್ನೂ ಇಪ್ಪತ್ತು ದಿನ ಐತಲ್ಲ. ಒಂದು ವಾರ ತಡಿ. ನಾನೊಂದು ಮಾಡಿಕೊಡ್ತೀನಿ. ಅದರ ಮ್ಯಾಲ ನಿಂತು ನೋಡು. ಆಮ್ಯಾಲ ಬೇಕಾದ್ದು ತಗೊ" ಎಂದ.

ಮಾರನೆಯ ದಿನ ಹಡಗಲಿಗೆ ಹೋಗಿ, ಶಾಲೆ ಬಿಟ್ಟ ಮೇಲೆ ಮಗಳನ್ನು ಮಲ್ಲಿಗೆ ಹೂವಿನ ದಲ್ಲಾಳಿ ಶಿವಬಸಮ್ಮಳ ಅಂಗಡಿಗೆ ಕರೆದೊಯ್ದ. ಹೂವಿನ ಚೀಲ ತೂಗುವ ನೆಲತಕ್ಕಡಿ ಅಲ್ಲಿತ್ತು. ಸಂಜೆಯ ಹೂವು ಬಸ್ಸಿಗೆ ಹೋಗಿ ಆಗಿತ್ತು.

"ತೂಕಾನ? ಏರವ್ವ ಏರು, ನಮ್ಮ ತಕ್ಕಡಿ ಮಲ್ಲಿಗಿ ಬಿಟ್ಟು ಮತ್ತೇನೂ ನೋಡಿಲ್ಲ" ಎಂದ ಶಿವಬಸಮ್ಮ ಅಂಕಿ ನೋಡಿ ಕೈತಟ್ಟಿದಳು. "ಅರವತ್ತೆರಡು ಕೇಜಿ! ಏನ್ ಮಾಸ್ತರ, ಇಷ್ಟು ಹೂವ ಒಬ್ಬರ ಹೊಲದಾಗ ಬೆಳದದ್ದು ಎಲ್ಲ್ಯರೆ ನೋಡೀರೇನ್ರಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪ್ರಿಯಾ ತಕ್ಕಡಿಯಿಂದ ಹಾರಿ ಇಳಿದು, "ಮಶೀನ್ ಕೆಟ್ಟೈತ್ರಿ" ಎಂದಳು.

"ಕೆಟ್ಟಿದ್ರ ನಾನು ಇಷ್ಟೊತ್ತಿಗೆ ಬಂಗಲೆ ಕಟ್ಟಿಸ್ತಿದ್ದೆ ಬಿಡು." ಶಿವಬಸಮ್ಮ ತಳದಲ್ಲಿ ಉಳಿದಿದ್ದ ಒಂದು ಬೊಗಸೆ ಮೊಗ್ಗನ್ನು ಎಲೆಯಲ್ಲಿ ಕಟ್ಟಿ ಅವಳ ಕೈಗಿಟ್ಟಳು. "ಸಿಟ್ಟಾಗಬ್ಯಾಡ. ಓಡೋರ ಮೈಯಾಗ ಗಟ್ಟಿ ಮಾಂಸ ಇರ್ತೈತಿ, ಅದು ತೂಗೇ ತೂಗ್ತೈತಿ."

ಬಸ್ಸಿನಲ್ಲಿ ಪ್ರಿಯಾ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹೊನ್ನೂರಸ್ವಾಮಿ ಅರವತ್ತೆರಡು ಎಂದು ಜೇಬಿನ ಚೀಟಿಯಲ್ಲಿ ಬರೆದುಕೊಂಡ, ಅಷ್ಟೇ.

ಐದು ದಿನ ಅವನು ಕೆಲಸದಿಂದ ಬಂದವನೇ ಹಿತ್ತಲಿಗೆ ಇಳಿಯುತ್ತಿದ್ದ. ನಾಲ್ಕಡಿ ಉದ್ದ, ಅಂಗೈ ಬಿಡಿಸಿ ಎರಡು ಗೇಣಿಗಿಂತ ಹೆಚ್ಚು ಅಗಲ. ತೆಳುವಾದ ಮೂರು ಪ್ಲೈವುಡ್ ಹಾಳೆಗಳ ನಡುವೆ ಅಂಟು ಸವರಿ, ಮುಂದಿನ ತುದಿಯ ಕೆಳಗೆ ಕೊಡದ ಬೆನ್ನಿನಂತೆ ಕೆತ್ತಿದ ದಿಮ್ಮಿ ಇಟ್ಟು, ಎರಡೂ ಕಡೆ ರುಬ್ಬುಕಲ್ಲು ಹೇರಿ ಬಗ್ಗಿಸಿದ. ಬಿದಿರು ಬಗ್ಗಿಸುವಾಗ ಅಪ್ಪ ಮಾಡುತ್ತಿದ್ದಂತೆ ದಿನಕ್ಕೊಂದು ಸಲ ಕಿವಿಗೊಟ್ಟು ಕೇಳಿದ. ಚಿಟಪಟ ಎಂದರೆ ಭಾರ ಇಳಿಸಿದ. ಕಲ್ಲು ತೆಗೆದಾಗ ಹಲಗೆಯ ಮೂತಿ ನೀರು ಕುಡಿಯಲು ಬಂದ ಕರುವಿನ ಹಾಗೆ ಒಂದಿಷ್ಟೇ ಮೇಲೆದ್ದು ನಿಂತಿತ್ತು. ಪ್ರಿಯಾ ಅದರ ಅಂಚಿನ ಮೇಲೆ ಬೆರಳಾಡಿಸಿದಳು. ಎಲ್ಲಿಯೂ ತಡೆಯಲಿಲ್ಲ.

"ಅಂಗಡಿಯಾಗಿನದು ಹಿಂಗಾ ಇರ್ತೈತಪ್ಪ" ಎಂದಳು, ತನಗೇ ನಂಬಿಕೆಯಿಲ್ಲದವಳಂತೆ.

ಆ ಮಾತಿನ ಉಬ್ಬಿನಲ್ಲೇ ಅವನು ಆ ಶನಿವಾರ ಬೆಳಿಗ್ಗೆ ಡಾಂಬರು ಕಾಯಿಸಿದ್ದು. ಮೇಲೂ ಕೆಳಗೂ ಎರಡೆರಡು ಸಲ ಬಳಿದು ಬೇಲಿಗೆ ಒರಗಿಸಿದ. ಹಲಗೆ ಈಗಷ್ಟೇ ಮೈ ತೊಳೆದ ಎಮ್ಮೆಯ ಹಾಗೆ ಹೊಳೆಯಿತು.

ಭಾನುವಾರ ಹತ್ತು ಗಂಟೆಗೆ ತಂದೆ ಮಗಳು ಹೊಳೆಗೆ ಇಳಿದರು. ಹೊಳೆ ನಡುವಿಗೆ ಸರಿದುಕೊಂಡು, ಈ ಕಡೆ ಉಸುಕಿನ ಮೇಲೆ ನೀರು ಹಾಸಿದ ಪಂಚೆಯಂತೆ ತೆಳ್ಳಗೆ ಹರಡಿತ್ತು. ಬಟ್ಟೆ ಒಗೆಯುತ್ತಿದ್ದ ನಾಗರತ್ನ ಮತ್ತು ಅವಳ ಜೊತೆಯ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಪ್ರಿಯಾ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಓಡಿದಳು. ಎಷ್ಟು ಚೆಂದ ಓಡಿದಳೆಂದರೆ ಹೊನ್ನೂರಸ್ವಾಮಿಯ ಎದೆ ತುಂಬಿತು. ಹಲಗೆ ಚೆಲ್ಲಿದಳು, ಹಾರಿದಳು.

ಹಲಗೆ ಅಲ್ಲೇ ನಿಂತಿತು. ಪ್ರಿಯಾ ಮಾತ್ರ ಮುಂದೆ ಹೋದಳು.

ಮುಖ ಉಸುಕಿಗೆ ಬಡಿದು ಎದ್ದಳು. ಮತ್ತೆ ಓಡಿದಳು, ಮತ್ತೆ ಬಿದ್ದಳು. ಬಿಸಿಲಿಗೆ ಡಾಂಬರು ಮೆತ್ತಗಾಗಿ ಹಲಗೆಯ ಹೊಟ್ಟೆಗೆಲ್ಲ ಉಸುಕು ಹತ್ತಿತ್ತು. ಅದು ಉಜ್ಜುಕಾಗದವಾಗಿ ನೆಲವನ್ನು ಕಚ್ಚುತ್ತಿತ್ತು. ಐದನೆಯ ಸಲ ಅವಳ ಮೊಳಕಾಲು ತರಚಿ ರಕ್ತ ಬಂತು.

"ಯವ್ವಾ ಪ್ರಿಯಾ, ಅದು ಹಲಗಿಯಲ್ಲ, ಹೆಂಚು! ಅದರ ಮ್ಯಾಲ ರೊಟ್ಟಿ ಸುಡು!" ನಾಗರತ್ನ ಕೂಗಿದಳು. ಹೆಂಗಸರ ನಗೆ ನೀರಿನ ಮೇಲೆ ಹಾರಿ ಬಂತು. ಆದರೆ ರಕ್ತ ಕಂಡವಳೇ ನಾಗರತ್ನ ನಗು ಬಿಟ್ಟು ಓಡಿ ಬಂದು, ಒಗೆದು ಹಿಂಡಿದ್ದ ತನ್ನ ಟವಲನ್ನೇ ಅವಳ ಮೊಳಕಾಲಿಗೆ ಕಟ್ಟಿದಳು.

"ಡಾಂಬರ್ ಯಾಕ ಬಳದೆಪ್ಪ?" ಪ್ರಿಯಾ ಮುಖಕ್ಕೆ ಮೆತ್ತಿದ ಉಸುಕು ಒರೆಸಿಕೊಂಡಳು. "ಹದಿಮೂರು ದಿನ ಉಳದಾವು. ಆ ಫೈಬರಿಂದು ತರಿಸಿಬಿಡ್ತೀನಿ ನಾನು, ಇವತ್ತ."

ಅಪ್ಪನ ಹರಿಗೋಲು ನೀರಿನೊಳಗೆ ಕೂತು ತೇಲುತ್ತಿತ್ತು. ಇದು ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಹೋಗಬೇಕಾದದ್ದು. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದುಕೊಳ್ಳುತ್ತ ಹೊನ್ನೂರಸ್ವಾಮಿ ಹಲಗೆ ಹೊತ್ತುಕೊಂಡು ಮಗಳ ಹಿಂದೆ ಮನೆಗೆ ನಡೆದ. ಅವನ ಅಂಗಿಗೆಲ್ಲ ಕಪ್ಪು ಮೆತ್ತಿತು. ಮಾಳಮ್ಮ ಮಗಳ ಮೊಳಕಾಲು ನೋಡಿದಳು, ಗಂಡನ ಅಂಗಿ ನೋಡಿದಳು. ಅವನ ಮುಖ ಕಂಡು, ಅರಿಶಿನ ತರಲು ಒಳಗೆ ಹೋದಳು.

ಪ್ರಿಯಾ ಫೋನು ಹಚ್ಚಿ ಅರುಣಕುಮಾರರ ಹೆಸರು ಒತ್ತುವಷ್ಟರಲ್ಲಿ ಅವನು ಕೈ ಚಾಚಿದ. "ಮೊದಲ ನಾನು ಮಾತಾಡ್ತೀನಿ, ಕೊಡವ್ವ."

ಸ್ಪೀಕರ್ ಹಾಕಿಯೇ ಅವನು ಹೆಸರು ಹೇಳಿಕೊಂಡ. "ನಾನು ಬಡಗಿ ಅದೀನ್ರಿ, ಇಪ್ಪತ್ತಾರು ವರ್ಷದಿಂದ ಹುಡುಗರಿಗೆ ಕಲಿಸ್ತೀನಿ. ಮಗಳಿಗೆ ಒಂದು ಹಲಗಿ ಮಾಡೀನಿ. ಅದಕ್ಕ ಡಾಂಬರ್ ಬಳದೀನ್ರಿ. ಹೋಗವಲ್ದು. ನಂಗ ಈ ವಿದ್ಯೆ ಗೊತ್ತಿಲ್ರಿ, ಹೊಸಬ ಅದೀನಿ. ಎಲ್ಲಿ ತಪ್ಪೇತಿ, ಹೆಂಗ ಸರಿ ಮಾಡ್ಲಿ, ಹೇಳಿಕೊಡ್ರಿ."

ನಗುತ್ತಾರೆ ಎಂದುಕೊಂಡು ಹೊನ್ನೂರಸ್ವಾಮಿ ಕಾದ.

"ಮುಂದಿನ ತುದಿ ಹೇಗೆ ಎತ್ತಿದಿರಿ ಮೇಸ್ತ್ರಿಗಳೇ?" ಎಂದು ಅರುಣಕುಮಾರ್ ಕೇಳಿದರು. ಅವನು ದಿಮ್ಮಿ, ರುಬ್ಬುಕಲ್ಲು, ಕಿವಿಗೊಟ್ಟು ಕೇಳಿದ್ದು, ಎಲ್ಲ ಹೇಳಿದ. "ಅಯ್ಯೋ ಮಾರಾಯ್ರೆ, ಕಷ್ಟದ ಕೆಲಸವೇ ಅದು. ನಮ್ಮಲ್ಲಿ ಎಷ್ಟೋ ಜನರಿಗೆ ಆ ಬಾಗು ಬರುವುದಿಲ್ಲ. ಹಲಗೆ ಹಾಳಾಗಲಿಲ್ಲ, ಅದರ ಅಂಗಿ ಮಾತ್ರ ತಪ್ಪಿದ್ದು. ಡಾಂಬರು ಕೆರೆದು ತೆಗೆಯಿರಿ, ಸೀಮೆಎಣ್ಣೆಯಲ್ಲಿ ಒರೆಸಿ. ನೀರು ಹಾಕಿ ಉಜ್ಜುಕಾಗದದಲ್ಲಿ ತಿಕ್ಕಿ ವಾರ್ನಿಷ್ ಬಳಿಯಿರಿ, ಒಂದರ ಮೇಲೊಂದು ಮೂರು ಕೈ. ಕೆಳಗೆ ಗಾಜಿನ ಹಾಗಿರಬೇಕು. ಮೇಲೆ ಕಾಲು ನಿಲ್ಲಲಿಕ್ಕೆ ಮೇಣ ತಿಕ್ಕಿ. ಅಂದ ಹಾಗೆ, ಮಗಳಿಗೆ ಮರದ್ದು ಯಾಕೆ? ಅವರು ಎರಡು ವರ್ಷ ಆಡಿದವರಲ್ವಾ?"

ಹೊನ್ನೂರಸ್ವಾಮಿ ಸುಳ್ಳು ಹೇಳಲಾರ, ಮಗಳನ್ನು ಬಿಟ್ಟುಕೊಡಲಾರ. ಹಸಿ ಅರಿಶಿನ ಹಚ್ಚಿದ ಮೊಳಕಾಲು ಚಾಚಿ ಕೂತಿದ್ದ ಪ್ರಿಯಾ ಅವನನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಬಂದು ಫೋನು ತೆಗೆದುಕೊಂಡಳು.

"ಸರ್, ನಾನು ಆಡಿದ್ದು ಮೂರೇ ದಿನ. ತೂಕ ಅರವತ್ತೆರಡು. ಅವತ್ತು ನಿಮಗ ಸುಳ್ಳು ಹೇಳಿದ್ದೆ."

"ಹಾಗಾದರೆ ಆ ಫೈಬರಿನದ್ದನ್ನು ನೀವು ಹಣ ಕೊಟ್ಟರೂ ನಾನು ಕಳಿಸುವುದಿಲ್ಲ ಮೇಡಂ. ನಿಮ್ಮ ಕೆಳಗೆ ಅದು ಮುಳುಗ್ತದೆ, ನಾಲ್ಕು ಹೆಜ್ಜೆ ಹೋಗುವುದಿಲ್ಲ." ಅವರ ದನಿಯಲ್ಲಿ ಮುನಿಸಿರಲಿಲ್ಲ. "ಇನ್ನೊಂದು ಮಾತು. ಹಲಗೆಯನ್ನು ಎಸೆಯಬೇಡಿ, ಇಡಿ. ಹಾರಬೇಡಿ, ಓಡುತ್ತಲೇ ಹತ್ತಿ. ದಿನಾ ಒಂದು ಗಂಟೆ ಮಾಡಿದರೆ ಹದಿನೈದು ಮೀಟರ್ ಏನೂ ದೊಡ್ಡದಲ್ಲ. ನಿಮ್ಮ ತಂದೆಯವರ ಹಲಗೆ ನಿಮ್ಮನ್ನು ಕೊಂಡೊಯ್ತದೆ."

ಅವತ್ತು ಸಂಜೆ ತಂದೆ ಮಗಳು ಸೇರಿ ಕೆರೆಯಲು ಕೂತರು. ಮಾಳಮ್ಮ ಬಾಗಿಲಲ್ಲಿ ನಿಂತು, "ಒಂದಿನ ಬಳಿಯೋದು, ನಾಕು ದಿನ ಕೆರೆಯೋದು. ಛಲೋ ಐತಿ ನಿಮ್ಮ ಸಂಸಾರ" ಎಂದು ಒಳಗೆ ಹೋದಳು. ಡಾಂಬರು ಪ್ಲೈವುಡ್ಡಿನ ಎಳೆಗಳಿಗೆ ಇಳಿದಿತ್ತು. ಒತ್ತಿದರೆ ಮರಕ್ಕೆ ಗಾಯವಾಗುತ್ತದೆ, ಒತ್ತದಿದ್ದರೆ ಬರುವುದಿಲ್ಲ. ಕತ್ತಲಾಗುವ ಹೊತ್ತಿಗೆ ಒಂದು ಅಂಗೈಯಷ್ಟು ಮರ ಕಂಡಿತ್ತು. ಈ ಲೆಕ್ಕದಲ್ಲಿ ಶಿಬಿರ ಮುಗಿದ ಮೇಲೆ ಹಲಗೆ ಸಿದ್ಧವಾಗುತ್ತದೆ ಎಂದು ಅವನಿಗೆ ಗೊತ್ತಾಯಿತು.

ಸೋಮವಾರ ಸಂಜೆ ಹರಪನಹಳ್ಳಿಯಿಂದ ಬಂದು ನೋಡಿದರೆ ಹಲಗೆಯ ಕಾಲು ಭಾಗ ಬೆಳ್ಳಗಾಗಿತ್ತು. ಎಲ್ಲಿಯೂ ಒಂದು ಗೀರು ಬಿದ್ದಿರಲಿಲ್ಲ. ಪ್ರಿಯಾ ತನಗಿಂತ ಮುಂಚೆ ಮನೆಗೆ ಬರುತ್ತಾಳೆ, ಅವಳದೇ ಕೆಲಸ, ಎಂದುಕೊಂಡ. ಎಷ್ಟು ತಾಳ್ಮೆಯ ಕೈ ಎಂದು ಒಳಗೊಳಗೇ ಹಿಗ್ಗಿದ. ಹೊಗಳಿದರೆ ಅವಳಿಗೆ ನಾಚಿಕೆಯಾದೀತೆಂದು ಸುಮ್ಮನಿದ್ದು, ತನ್ನ ಪಾಲಿನಷ್ಟು ಕೆರೆದ. ಮಂಗಳವಾರ ಅರ್ಧ. ಗುರುವಾರದ ಹೊತ್ತಿಗೆ ಅಂಚುಗಳೂ ತಿಳಿಯಾಗಿದ್ದವು. ಅಡುಗೆಮನೆಯಿಂದ ಮಾತ್ರ ಎಂದಿನಂತೆ ಪಾತ್ರೆಗಳ ಸದ್ದು, ಎಂದಿನ ಗೊಣಗು. ಅವನು ಶುಕ್ರವಾರ ತಿಕ್ಕಿ, ಶನಿವಾರದೊಳಗೆ ವಾರ್ನಿಷಿನ ಮೂರು ಕೈ ಮುಗಿಸಿ ಒಂದು ದಿನ ಒಣಗಲು ಬಿಟ್ಟ.

ಆ ಸೋಮವಾರ ಊರಿನ ದೇವರ ವಿಶೇಷ ಪೂಜೆಯೆಂದು ಅವನು ರಜೆ ಹಾಕಿದ್ದ. ಪ್ರಿಯಾ ಮಧ್ಯಾಹ್ನದ ಶಾಲೆಗೆ ಹೋದರಾಯಿತು ಎಂದಳು. ಬೆಳಗಿನ ಏಳಕ್ಕೆ ಹೊಳೆಯಲ್ಲಿ ಯಾರೂ ಇರಲಿಲ್ಲ. ಪ್ರಿಯಾ ಹಲಗೆಯ ಬೆನ್ನಿಗೆ ಮೇಣ ತಿಕ್ಕಿದಳು. ಓಡಿದಳು. ಈ ಸಲ ಹಲಗೆಯನ್ನು ಎಸೆಯಲಿಲ್ಲ, ಮಲಗಿದ ಕೂಸನ್ನು ಇಟ್ಟಂತೆ ಇಟ್ಟಳು. ಒಂದು ಕಾಲು, ಇನ್ನೊಂದು ಕಾಲು. ಹಲಗೆ ಸಣ್ಣಗೆ ಸಿಳ್ಳು ಹಾಕಿದಂಥ ಸದ್ದು ಮಾಡುತ್ತ ಹೊರಟಿತು. ನಾಲ್ಕು ಮಾರು ಹೋಗಿ ಬಿದ್ದಳು. ನಕ್ಕಳು. ಮತ್ತೆ ಓಡಿದಳು. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ, ಅವಳು ಮೊಳಕಾಲು ಬಗ್ಗಿಸಿ, ತೋಳು ಚಾಚಿ, ಬಿಳಿ ಕೊಕ್ಕರೆಗಳನ್ನು ಎಬ್ಬಿಸುತ್ತ, ಹೊನ್ನೂರಸ್ವಾಮಿ ನೆಟ್ಟಿದ್ದ ಎರಡನೆಯ ಕೋಲನ್ನೂ ದಾಟಿ ಹೋದಳು. ಹದಿನೈದು ಮೀಟರಿನ ಕೋಲು ಅದು. ಅವನು ತಲೆಯ ಟವಲು ಬಿಚ್ಚಿ ಗಾಳಿಯಲ್ಲಿ ಬೀಸಿದ.

ಏದುಸಿರು ಬಿಡುತ್ತ ಬಂದು ಅವಳು ಪಕ್ಕದಲ್ಲಿ ಕೂತಳು. "ಕೆಳಗ ಕನ್ನಡಿ ಆಗೇತಪ್ಪ. ವಾರವಿಡೀ ನೀನೊಬ್ಬನ ಕೆರದಿ. ನಂಗ ಶಾಲಿಯಾಗ ಕ್ರೀಡಾಕೂಟ ಇತ್ತು, ಮನಿಗೆ ಬಂದ ಕೂಡಲೆ ನಿದ್ದಿ, ಭಾನುವಾರ ಬಿಟ್ರ ಒಂದಿನಾನೂ ಕೈ ಹಚ್ಚಾಕ ಆಗಲಿಲ್ಲ."

"ನಾನೊಬ್ಬನಾ?" ಹೊನ್ನೂರಸ್ವಾಮಿ ಅವಳ ಕಡೆ ತಿರುಗಿದ. "ನಾನು ಬರೋದ್ರಾಗ ನೀನ ಕೆರದಿಟ್ಟಿರ್ತಿದ್ದಿ ಅಲ್ಲೇನು?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದೆ ಉಸುಕಿನ ಮೇಲೆ ಹೆಜ್ಜೆಯ ಸಪ್ಪಳವಾಯಿತು.

ಮಾಳಮ್ಮ ಚಪ್ಪಲಿ ಕೈಯಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ಒತ್ತಿ ನೋಡುತ್ತ ಬರುತ್ತಿದ್ದಳು. ಹಸಿ ಉಸುಕು ಶುರುವಾಗುವಲ್ಲಿ ಒಂದು ಸಲ ನಿಂತಳು. ಆಮೇಲೆ ಅದನ್ನೂ ದಾಟಿ ಬಂದಳು. ಹೊಳೆಯ ಕಡೆ ನೋಡಲಿಲ್ಲ. ಮಗಳ ಪಕ್ಕದಲ್ಲಿ ಬಗ್ಗಿ, ಬಿಳಿ ಅರಿವೆಯಲ್ಲಿ ಕಟ್ಟಿದ ಬುತ್ತಿಯನ್ನು ಅವಳ ಮಡಿಲಲ್ಲಿಟ್ಟು ಗಂಟು ಬಿಚ್ಚಿದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಹಿಡಿ ಶೇಂಗಾ ಚಟ್ನಿ. ರೊಟ್ಟಿಯೊಂದನ್ನು ಮಡಚಿ ಅದರೊಳಗೆ ಪಲ್ಯ ಇಟ್ಟು ಮಗಳ ಕೈಗೆ ಕೊಟ್ಟಳು. ಇನ್ನೊಂದನ್ನು ಗಂಡನ ಕಡೆ ಚಾಚಿದಳು.

ಹೊನ್ನೂರಸ್ವಾಮಿ ರೊಟ್ಟಿ ತೆಗೆದುಕೊಂಡ. ಅದನ್ನು ಚಾಚಿ ಹಿಡಿದಿದ್ದ ಮಾಳಮ್ಮಳ ಹತ್ತು ಬೆರಳಿನ ಉಗುರುಗಳ ಸಂದಿಯಲ್ಲೂ ಡಾಂಬರು ಕರ್ರಗೆ ಕೂತಿತ್ತು.